ಬಾಗಿಲ ಹೊರಗಿನ ಬೇವು

ನನ್ನ ಮೊಮ್ಮಗಳ ಮುಖ ದುಂಡಗಾದದ್ದನ್ನು ನೋಡಿ ಸಂತೋಷಪಟ್ಟವರ ಮೇಲೆ ನನಗೆ ಇನ್ನೂ ಸಿಟ್ಟಿದೆ. "ಚಲೋ ಮೈ ತುಂಬ್ಕೊಂಡಾಳ ನೋಡ್ರಿ. ಅಜ್ಜಿ ಕಿಡ್ನಿ ಮೈಗೆ ಹತ್ತೇತಿ" ಎಂದು ಸೋಫಾದ ಮೇಲೆ ಕುಳಿತು, ಚಹಾ ಕುಡಿದು, ಹೇಳಿ ಹೋಗುತ್ತಿದ್ದರು. ಅದು ಮೈಗೆ ಹತ್ತಿದ್ದಲ್ಲ, ಸ್ಟಿರಾಯ್ಡ್ ಮಾತ್ರೆಯಿಂದ ಬಂದ ಊತ ಎಂದು ನಾನು ಹೇಳಿದರೆ, "ಇರ್ಲಿ ಬಿಡ್ರಿ, ನೋಡಾಕ ಛಂದ ಕಾಣ್ತಾಳ" ಎನ್ನುವರು. ಒಂಬತ್ತು ವರ್ಷದ ಹುಡುಗಿ ಕನ್ನಡಿಯ ಮುಂದೆ ನಿಂತು ತನ್ನ ಕೆನ್ನೆಯನ್ನು ತಾನೇ ಬೆರಳಿನಿಂದ ಒತ್ತಿ ನೋಡಿಕೊಳ್ಳುವುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಆ ಕಿಡ್ನಿ ನನ್ನದು. ಮಗನಿಗೆ ರಕ್ತದೊತ್ತಡ, ಸೊಸೆಯ ರಕ್ತದ ಗುಂಪು ಕೂಡಲಿಲ್ಲ. ಉಳಿದವಳು ನಾನು, ಅರವತ್ತರ ಹೊಸ್ತಿಲಲ್ಲಿದ್ದ ನಿವೃತ್ತ ಟೆಲಿಫೋನ್ ಆಪರೇಟರ್. ಈ ತೆಲುಗು ನಗರದಲ್ಲಿ, ನಾರಾಯಣಗೂಡದ ಹತ್ತಿರದ ಟೆಲಿಫೋನ್ ಆಫೀಸಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಜನರ ಸಾವಿನ ಸುದ್ದಿ, ಹೆರಿಗೆಯ ಸುದ್ದಿಗಳನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ದಾಟಿಸುವುದರಲ್ಲೇ ನನ್ನ ನೌಕರಿ ಕಳೆಯಿತು. ಇವಳಿಗೆ ಸಕ್ಕರೆಯಿಲ್ಲ, ಬಿ.ಪಿ.ಯಿಲ್ಲ, ಇರುವುದು ಬಾಯಿ ಒಂದೇ ಎಂದು ನನ್ನವರು ಇದ್ದಾಗ ಅನ್ನುತ್ತಿದ್ದರು. ಬಾಯಿಯನ್ನು ಯಾರೂ ಪರೀಕ್ಷೆ ಮಾಡಲಿಲ್ಲವಾದ್ದರಿಂದ ಆಸ್ಪತ್ರೆಯವರು ನನ್ನನ್ನು ಪಾಸು ಮಾಡಿದರು.

ಆಪರೇಷನ್ ಆಯಿತು, ಇನ್ನೇನು ಕಥೆ ಮುಗಿಯಿತು ಎಂದು ಎಲ್ಲರೂ ತಿಳಿದರು. ಕಥೆ ಶುರುವಾದದ್ದೇ ಅಲ್ಲಿಂದ. ಬೇರೆಯವರ ಅಂಗ ಒಳಗೆ ಬಂದಿತೆಂದರೆ ಮೈ ಅದನ್ನು ಶತ್ರು ಎಂದೇ ತಿಳಿಯುತ್ತದೆ, ಅಜ್ಜಿಯದೋ ಮತ್ತೊಬ್ಬರದೋ ಎಂದು ವಿಚಾರಿಸುವುದಿಲ್ಲ. ಆದ್ದರಿಂದ ಮೈಯ ಆ ಶಕ್ತಿಯನ್ನೇ ತಗ್ಗಿಸುವ ಮಾತ್ರೆಗಳನ್ನು ದಿನವೂ ಕೊಡಬೇಕು, ಕಿಡ್ನಿ ಇರುವಷ್ಟು ಕಾಲ. ಒಂದು ಮಾತ್ರೆಯನ್ನು ಬೆಳಿಗ್ಗೆ ಮತ್ತು ರಾತ್ರಿ ಹೊತ್ತು ತಪ್ಪದೆ, ಖಾಲಿ ಹೊಟ್ಟೆಯಲ್ಲಿ. ಇನ್ನೊಂದು ದೊಡ್ಡದು, ನುಂಗುವಾಗ ಗಂಟಲಲ್ಲಿ ನಿಲ್ಲುವಂಥದು. ಮೂರನೆಯದು ಆ ಸ್ಟಿರಾಯ್ಡ್. ಕಡಿಮೆಯಾದರೆ ಕಿಡ್ನಿ ಹೋಗುತ್ತದೆ, ಹೆಚ್ಚಾದರೆ ಬೀದಿಯ ರೋಗವೆಲ್ಲ ಮೈಗೆ ಬರುತ್ತದೆ. ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಆಗಾಗ ಅಳೆದು, ಡಾಕ್ಟರಮ್ಮ ಪ್ರಮಾಣವನ್ನು ಚೂರು ಏರಿಸುತ್ತ ಚೂರು ಇಳಿಸುತ್ತ ಇರುತ್ತಿದ್ದರು.

ಹುಡುಗಿ ಇದನ್ನೆಲ್ಲ ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದಳು. ಒಮ್ಮೆ ಗೆಳತಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ನಮ್ಮ ಗೇಟಿನ ವಾಚ್‌ಮನ್ ಅದಾನಲ್ಲ, ಹಂಗ ನನ್ನ ಮೈಯಾಗೂ ಒಬ್ಬಾಂವ ಅದಾನ. ಅಜ್ಜಿ ಕಿಡ್ನಿಗೆ ನೀ ಯಾರು ಅಂತ ಕೇಳಿ ಹೊರಗ ಹಾಕ್ತಾನಂತ. ಅದಕ್ಕ ಅವಂಗ ನಿದ್ದಿ ಗುಳಿಗಿ ಕೊಡ್ತಾರ." ವಾಚ್‌ಮನ್ ಮಲಗಿದ ಮೇಲೆ ಕಳ್ಳರೂ ಒಳಗೆ ಬರುತ್ತಾರೆ ಎಂಬ ಮುಂದಿನ ಮಾತನ್ನು ಅವಳು ಹೇಳಲಿಲ್ಲ. ಅದು ಗೊತ್ತಿದ್ದೇ ಬಿಟ್ಟಳೆಂದು ನನ್ನ ಅನುಮಾನ.

ಮಗುವಿಗೆ ಅರ್ಥವಾದದ್ದು ದೊಡ್ಡವರಿಗೆ ಆಗುತ್ತಿರಲಿಲ್ಲ. ಲಿಂಗಂಪಲ್ಲಿಯಿಂದ ಲೋಕಲ್ ರೈಲು ಹಿಡಿದು ಬರುತ್ತಿದ್ದ ನಮ್ಮ ದೂರದ ಬಂಧುವೊಬ್ಬರು ಪ್ರತಿ ಸಲವೂ ಅಮೃತಬಳ್ಳಿಯ ಕಷಾಯ ತರುವರು. ಕೊರೊನಾ ಕಾಲದಲ್ಲಿ ಕಲಿತ 'ಇಮ್ಯುನಿಟಿ' ಎಂಬ ಪದ ಅವರ ಬಾಯಿಂದ ಇನ್ನೂ ಇಳಿದಿಲ್ಲ. ಶಕ್ತಿ ಹೆಚ್ಚಿಸುವ ಬಳ್ಳಿಯೇ ಇವಳಿಗೆ ವಿಷ ಎಂದು ನಾನು ಹೇಳಿದೆ. "ಶಕ್ತಿ ಕಡಿಮಿ ಮಾಡೂ ಔಷಧ ಯಾವ ಡಾಕ್ಟರ್ ಕೊಡ್ತಾನ್ರಿ? ನಿಮಗ ತಿಳೀವಲ್ದು" ಎಂದು ನನಗೇ ಬುದ್ಧಿ ಹೇಳಿದರು. ಆ ಕಷಾಯವನ್ನೆಲ್ಲ ನಾನು ಬಾಲ್ಕನಿಯ ತುಳಸಿಗೆ ಹಾಕಿದೆ. ಶಾಲೆಯಲ್ಲಿ ಇನ್ನೊಂದು ಬಗೆ. ಮಾತ್ರೆಯಿಂದ ಅವಳ ಕೈ ನಡುಗುತ್ತಿತ್ತು, ಅಕ್ಷರ ಸೊಟ್ಟಗೆ ಹೋಗುತ್ತಿತ್ತು. ಟೀಚರು ಕೆಂಪು ಪೆನ್ನಿನಿಂದ 'ನೀಟಾಗಿ ಬರಿ' ಎಂದು ಪ್ರತಿ ಪುಟದ ಕೆಳಗೂ ಬರೆಯುತ್ತಿದ್ದರು. ನಾನು ಶಾಲೆಗೆ ಹೋಗಿ ಆ ಟೀಚರನ್ನು ವಿಚಾರಿಸಿಕೊಂಡು ಬಂದೆ, ಅದು ಬೇರೆ ಮಾತು.

ಆದರೆ ನಾನು ಹೇಳಬೇಕೆಂದಿರುವುದು ಮೇಲಿನ ಮನೆಯಾಕೆಯ ವಿಷಯ.

ಮಿಯಾಪುರದಲ್ಲಿ ನಾವಿರುವ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಮನೆಗಿಂತ ಎರಡು ಅಂತಸ್ತು ಮೇಲೆ, ಬೀದರ ಕಡೆಯ ಒಂದು ಸಂಸಾರವಿದೆ. ಗಂಡ ಕಂಪನಿ ನೌಕರ, ಹೆಂಡತಿ ಮನೆಯಲ್ಲೇ ಇದ್ದು ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಒಬ್ಬಳೇ ಮಗಳು, ನನ್ನ ಮೊಮ್ಮಗಳಿಗಿಂತ ಎರಡು ವರ್ಷ ಚಿಕ್ಕವಳು. ಲಿಫ್ಟಿನಲ್ಲಿ ತೆಲುಗು ಹಿಂದಿ ಆಡಿ ಆಡಿ ದವಡೆ ನೋಯುವ ಊರಿನಲ್ಲಿ, ನನ್ನನ್ನು "ಕಾಕೂ" ಎಂದು ಕರೆದು, ಜೋಳದ ರೊಟ್ಟಿಯ ಹದದ ಬಗ್ಗೆ ಮಾತಾಡುವ ಹೆಣ್ಣುಮಗಳು ಸಿಕ್ಕರೆ ಯಾರಿಗೆ ಬೇಡ? ಅವಳನ್ನು ನನ್ನ ಮಗಳಂತೆ ಕಂಡೆ. ಆಪರೇಷನ್ನಿನ ನಂತರ ನನಗೆ ಹೊಟ್ಟೆಯ ಹೊಲಿಗೆ ನೋಯುತ್ತಿದ್ದಾಗ ತಿಂಗಳುಗಟ್ಟಲೆ ಅವಳೇ ರೊಟ್ಟಿ ಬಡಿದು ಕಳಿಸಿದ್ದಳು. ಅದನ್ನು ಮರೆತಿಲ್ಲ, ಆದ್ದರಿಂದಲೇ ಸಿಟ್ಟು ಹೆಚ್ಚು.

ಆಪರೇಷನ್ನಾಗಿ ಎರಡು ವರ್ಷವಾಗಿದ್ದಾಗ, ಒಂದು ಶನಿವಾರ ಬೆಳಿಗ್ಗೆ ಅವಳು ಫೋನು ಮಾಡಿ ಸೊಸೆಗೆ ಹೇಳಿದಳು. "ಇವತ್ತು ಐದು ಮಂದಿ ಹೆಣ್ಣು ಹುಡುಗ್ಯಾರಿಗೆ ಮೊಸರನ್ನ ಹಾಕಾಕತ್ತೀನಿ. ನಿಮ್ಮಾಕಿನ್ನೂ ಕಳಸ್ರಿ." ಏಕೆಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಊಟ ಹಾಕಲು ಕಾರಣ ಬೇಕಾಗಿಲ್ಲ, ಹರಕೆಯಿರಬಹುದು, ಹುಣ್ಣಿಮೆಯಿರಬಹುದು. ನಾನು ಆ ಹೊತ್ತಿಗೆ ನಾರಾಯಣಗೂಡದ ಹಳೆಯ ಸಹೋದ್ಯೋಗಿಯ ಮನೆಗೆ ಮೆಟ್ರೋದಲ್ಲಿ ಹೊರಟಿದ್ದೆ. ಹೋಗುವ ಮುಂಚೆ ಸೊಸೆ ನನ್ನನ್ನು ಕೇಳಿದಳು. ಹೊರಗಿನ ಮೊಸರು ಬೇಡ, ಮನೆಯ ಅನ್ನವನ್ನೇ ಡಬ್ಬಿಯಲ್ಲಿ ಹಾಕಿ ಕಳಿಸು, ಜೊತೆಗೆ ಕಾಸಿ ಆರಿಸಿದ ನೀರಿನ ಬಾಟಲಿ ಕೊಡು ಎಂದೆ. ಮೊಸರಿನ ಮೇಲೆ ನಮಗೆ ಅಷ್ಟು ಅನುಮಾನ. ನೀರಿನ ಮೇಲೆ, ಚಮಚದ ಮೇಲೆ, ಚಾಪೆಯ ಧೂಳಿನ ಮೇಲೆ ಕೂಡ. ಪಕ್ಕದಲ್ಲಿ ಕುಳಿತು ಉಣ್ಣುವ ಮಗುವಿನ ಮೇಲೆ ಅನುಮಾನ ಪಡಬೇಕೆಂದು ಯಾರಿಗೆ ಹೊಳೆಯಬೇಕು?

ಸಂಜೆ ನಾನು ಬಂದು ಚಪ್ಪಲಿ ಬಿಡುತ್ತಿದ್ದಾಗ ಹುಡುಗಿ ಖುಷಿಯಿಂದ ವರದಿ ಒಪ್ಪಿಸಿದಳು. ಐದು ಮಂದಿಗೂ ಹಸಿರು ಬಳೆ ಕೊಟ್ಟರಂತೆ. ಕಾಲು ತೊಳೆದು ಅರಿಶಿನ ಹಚ್ಚಿದರಂತೆ. ಊಟವಾದ ಮೇಲೆ ಇವಳೂ ಮೇಲಿನ ಮನೆಯ ಪುಟ್ಟಿಯೂ ಅವಳ ಮಂಚದ ಮೇಲೆ ಕುಳಿತು ಬಹಳ ಹೊತ್ತು ಆಡಿದರಂತೆ.

"ಆಕಿ ಮಾರಿ ಮ್ಯಾಲ ಕರೇ ಕರೇ ಚುಕ್ಕಿ ಅದಾವ, ಅಜ್ಜಿ. ಹಪ್ಪಳ ಸುಟ್ಟಂಗ. ದಿಂಬಿನ ಕೆಳಗ ಬೇವಿನ ತಪ್ಪಲ ಇಟ್ಟಾರ. ಜಳಕದ ನೀರಾಗೂ ಹಾಕಿದ್ರಂತ. ಯಾಕ?"

ನಾನು ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತುಬಿಟ್ಟೆ.

ಚಿಕನ್ ಪಾಕ್ಸ್ ಅನ್ನುತ್ತಾರೆ. ನಮ್ಮ ಕಡೆ ಆ ಹೆಸರು ಎತ್ತುವುದಿಲ್ಲ, "ತಾಯಿ ಬಂದಾಳ" ಎನ್ನುತ್ತಾರೆ. ಇಲ್ಲಿಯ ತೆಲುಗಿನವರಿಗೂ ಅದು ಅಮ್ಮವಾರು. ಗುಳ್ಳೆಗಳು ಒಣಗಿದ ಮೇಲೆ ಮಗುವಿಗೆ ಬೇವಿನ ನೀರಿನ ಸ್ನಾನ ಮಾಡಿಸಿ, ತಾಯಿಗೆ ತಂಪಿನ ನೈವೇದ್ಯ ಮಾಡಿ, ಐದು ಹೆಣ್ಣುಮಕ್ಕಳಿಗೆ ಮೊಸರನ್ನ ಉಣಿಸಿ ಅವಳನ್ನು ಕಳಿಸಿಕೊಡಬೇಕು. ಆ ಐವರಲ್ಲಿ ನನ್ನ ಮೊಮ್ಮಗಳು ಒಬ್ಬಳು. ಬೇರೆ ಮಕ್ಕಳಿಗೆ ಇದು ವಾರ ಹತ್ತು ದಿನ ತುರಿಸಿ ಹೋಗುವ ಕಾಯಿಲೆ. ಮೈಯ ಕಾವಲನ್ನು ಮಲಗಿಸಿಟ್ಟ ಮಗುವಿಗೆ ಅದು ಶ್ವಾಸಕೋಶಕ್ಕೆ, ಮೆದುಳಿಗೆ ಇಳಿಯಬಹುದು, ಜೀವ ತೆಗೆಯಬಹುದು ಎಂದು ಡಾಕ್ಟರಮ್ಮ ಮೊದಲೇ ನಮ್ಮನ್ನು ಕೂರಿಸಿಕೊಂಡು ಹೇಳಿದ್ದರು. ಅದಕ್ಕೆ ಲಸಿಕೆಯಿದೆ, ಆದರೆ ಜೀವಂತ ಲಸಿಕೆ, ಬದುಕಿರುವ ರೋಗಾಣುವನ್ನೇ ದುರ್ಬಲಗೊಳಿಸಿ ಕೊಡುವಂಥದು. ಆಪರೇಷನ್ನಿಗೆ ಮುಂಚೆ ಹಾಕಿಸಬೇಕಿತ್ತು, ಆಗ ಒಂದಲ್ಲ ಒಂದು ಜ್ವರ ಬಂದು ಆಗಲೇ ಇಲ್ಲ. ಆಮೇಲೆ ಹಾಕಿಸುವಂತಿರಲಿಲ್ಲ. ಅಂದರೆ ಇವಳನ್ನು ಕಾಯುವುದಕ್ಕೆ ಇದ್ದದ್ದು ಅಕ್ಕಪಕ್ಕದವರ ಬಾಯಿಮಾತು ಒಂದೇ. ಒಂದು ಫೋನು, ಒಂದು ಮಾತು.

ಮಗ ಆಸ್ಪತ್ರೆಗೆ ಫೋನು ಹಚ್ಚಿದ. ಡಾಕ್ಟರಮ್ಮ ಮೊದಲು ಹಿಂದಿಯಲ್ಲಿ, "ಫೌರನ್ ಲೇಕೆ ಆಯಿಯೇ", ತಕ್ಷಣ ಕರೆತನ್ನಿ, ಎಂದರು. ಬೇರೆಯವರ ರಕ್ತದಿಂದ ತೆಗೆದ ಸಿದ್ಧ ರಕ್ಷಣೆಯ ಇಂಜೆಕ್ಷನ್ ಒಂದಿದೆ, ಸೋಂಕು ತಗುಲಿದ ಮೇಲೆ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು, ಎಲ್ಲ ಕಡೆ ಸಿಗುವುದಿಲ್ಲ, ಹುಡುಕಲು ಶುರುಮಾಡಿ ಎಂದರು. ಮಗ ಸೊಸೆ ಹುಡುಗಿಯನ್ನು ಕರೆದುಕೊಂಡು ಹೊರಟರು. ನಾನು ಮೇಲಿನ ಮನೆಗೆ ಹೊರಟೆ.

ಬಾಗಿಲು ತೆರೆದವಳು ನನ್ನ ಮುಖ ನೋಡಿಯೇ ಹಿಂದೆ ಸರಿದಳು. ಒಳಗೆ ಹೋಗದೆ ಹೊಸ್ತಿಲ ಹೊರಗೇ ನಿಂತು ಕೇಳಿದೆ. "ಪುಟ್ಟಿಗೆ ತಾಯಿ ಬಂದಿದ್ಲೇನು?"

"ಹೋದ್ಲಲ್ರಿ ಕಾಕೂ. ಇವತ್ತು ಜಳಕ ಮಾಡಿಸಿ ಕಳಿಸಿದ್ವಿ."

"ಎಲ್ಲಾ ಒಣಗ್ಯಾವೇನು?"

ಕೆದಕಿ ಕೇಳಿದ ಮೇಲೆ ಒಂದೊಂದಾಗಿ ಹೊರಬಂತು. ಬೆನ್ನಿನ ಮೇಲೆ ಕೆಲವು ಇನ್ನೂ ಹಸಿಯಿದ್ದವು. ಇನ್ನೂ ಒಂದೆರಡು ದಿನ ಬಿಟ್ಟು ಮಾಡಿಸಬೇಕಾದ ಸ್ನಾನವನ್ನು ಮುಂಚೆಯೇ ಮಾಡಿಸಿದ್ದಳು. ಏಕೆಂದರೆ ಸೋಮವಾರ ಯೂನಿಟ್ ಟೆಸ್ಟು. ಸ್ನಾನವಾಗದೆ ಮಗುವನ್ನು ಹೊರಗೆ ಕಳಿಸುವಂತಿಲ್ಲ, ಪರೀಕ್ಷೆ ತಪ್ಪಿಸಿದರೆ ಮೇಲಿನ ಸೆಕ್ಷನ್ನಿನಿಂದ ಕೆಳಗಿನ ಸೆಕ್ಷನ್ನಿಗೆ ಹಾಕುತ್ತಾರೆ. ಏಳು ವರ್ಷದ ಮಗುವಿಗೆ ಮೇಲಿನ ಸೆಕ್ಷನ್ನು, ಕೆಳಗಿನ ಸೆಕ್ಷನ್ನು. ದೇವಿಯನ್ನೂ ಶಾಲೆಯ ಟೈಮ್‌ಟೇಬಲ್ಲಿಗೆ ಸರಿಯಾಗಿ ಎಬ್ಬಿಸಿ ಕಳಿಸಿದ್ದರು.

"ನನಗ ಒಂದು ಮಾತು ಹೇಳಬಾರದಿತ್ತೇನವಾ? ಆಕಿ ಯಾವ ಗುಳಿಗಿ ತಿಂತಾಳ ಅಂತ ನಿನಗ ಗೊತ್ತಿಲ್ಲೇನು?"

"ಹೆಸರ ಹೇಳಬಾರದಲ್ರಿ. ತಾಯಿ ಸಿಟ್ಟಾಗ್ತಾಳ ಅಂತ ನಮ್ಮತ್ತಿ ಊರಿಂದ ಫೋನ್ ಮಾಡಿ ದಿನಾ ಹೇಳ್ತಿದ್ರು. ಮತ್ತ ಈ ಅಪಾರ್ಟ್‌ಮೆಂಟ್ ಮಂದಿ... ಟ್ಯೂಷನ್ ಹುಡುಗ್ರು ಬರೂದು ಬಿಡ್ತಾರಂತ..." ಅವಳ ಕಣ್ಣು ತುಂಬಿತು. "ತಾಯಿ ಪ್ರಸಾದ ಅಲ್ಲೇನ್ರಿ ಕಾಕೂ, ನಿಮ್ಮಾಕಿಗೂ ಚಲೋ ಆಗ್ಲಿ ಅಂತನ ಕರೆದಿದ್ದೆ. ಆಕಿನ್ನ ಬಿಟ್ಟು ಬ್ಯಾರೇದವರನ್ನ ಕರೀಲಿ ಹೆಂಗ?"

"ತಾಯಿ ಸಿಟ್ಟಾಗ್ತಾಳ ಅಂತ ಹೆದರಿದಿ. ಅಜ್ಜಿ ಸಿಟ್ಟಾಗ್ತಾಳ ಅಂತ ಹೆದರಲಿಲ್ಲೇನು?" ಎಂದೆ. ಇನ್ನೂ ಬಹಳ ಅಂದೆ. ಅವನ್ನೆಲ್ಲ ಬರೆಯುವುದಿಲ್ಲ, ಆದರೆ ಅಂದದ್ದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ.

ಕೆಳಗೆ ಬಂದು ಖಾಲಿ ಮನೆಯಲ್ಲಿ ಕುಳಿತಾಗ ನನಗೆ ನೆನಪಾದದ್ದು ನಮ್ಮ ಊರಿನ ಓಣಿ. ಕಲಬುರಗಿ ಜಿಲ್ಲೆಯ ಆ ಸಣ್ಣ ಊರಿನಲ್ಲಿ ಯಾರ ಮನೆಗೆ ತಾಯಿ ಬಂದರೂ ತಲೆಬಾಗಿಲ ಹೊರಗೆ ಬೇವಿನ ಗೊಂಚಲು ಕಟ್ಟುತ್ತಿದ್ದರು. ಯಾರೂ ಹೆಸರು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ. ಹಾಲಿನವಳು ಬೇವು ಕಂಡರೆ ಹೊಸ್ತಿಲಿನಿಂದ ದೂರ ನಿಂತು, ಪಾತ್ರೆ ಹೊರಗಿಡಿ ಎಂದು ಕೂಗುತ್ತಿದ್ದಳು. ಬಸುರಿಯರು ಓಣಿಯ ಆಚೆ ಬದಿಗೆ ದಾಟಿ ಹೋಗುತ್ತಿದ್ದರು. ನಮ್ಮ ಅವ್ವ ನಮ್ಮನ್ನು ಆ ಮನೆಯ ಕಟ್ಟೆಗೂ ಬಿಡುತ್ತಿರಲಿಲ್ಲ. ಅಕ್ಷರ ಬಾರದ ಜನ ಬರೆದ ಬೋರ್ಡು ಅದು. ಓದಿದವರು ಅಪಾರ್ಟ್‌ಮೆಂಟಿಗೆ ಬಂದು ನೈವೇದ್ಯವನ್ನು ಉಳಿಸಿಕೊಂಡರು, ಐದು ಹುಡುಗಿಯರನ್ನು ಉಳಿಸಿಕೊಂಡರು, ಹೆಸರೆತ್ತಬಾರದೆಂಬುದನ್ನೂ ಉಳಿಸಿಕೊಂಡರು. ಬಾಗಿಲ ಹೊರಗಿನ ಬೇವನ್ನು ಮಾತ್ರ, ನೋಡಿದವರು ಏನಂದಾರು ಎಂದು, ತಂದು ದಿಂಬಿನ ಕೆಳಗೆ ಬಚ್ಚಿಟ್ಟರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಕೇಳಿದ್ದೇನೆ. ಇವರು ಊರಿನವರ ಕಣ್ಣೇ ಮುಚ್ಚಿದರು.

ಇಂಜೆಕ್ಷನ್ ಸಿಕ್ಕಿತು. ಮಗ ಊರೆಲ್ಲ ಅಲೆದು ಮರುದಿನ ತಂದ. ಆದರೆ ಅದು ಪೂರ್ತಿ ತಡೆಯುತ್ತದೆಂದು ಭರವಸೆಯಿಲ್ಲ, ಮೂರ್ನಾಲ್ಕು ವಾರ ಕಾಯಬೇಕು ಎಂದರು ಡಾಕ್ಟರಮ್ಮ. ಕಾಯುವುದೆಂದರೆ ಏನೆಂದು ನನಗೆ ಆಗ ತಿಳಿಯಿತು. ದಿನವೂ ಬೆಳಿಗ್ಗೆ ಮಾತ್ರೆ ಕೊಟ್ಟ ಕೂಡಲೇ ಸೊಸೆ ಹುಡುಗಿಯ ಅಂಗಿ ಎತ್ತಿ ಬೆನ್ನು ನೋಡುವಳು, ಸ್ವಲ್ಪ ಹೊತ್ತಿಗೆ ನಾನು ನೋಡುವೆನು, ಆಫೀಸಿಗೆ ಹೊರಟ ಮಗ ಬಾಗಿಲಿನಿಂದ ತಿರುಗಿ ಬಂದು ಮತ್ತೆ ನೋಡುವನು. ಸೊಳ್ಳೆ ಕಚ್ಚಿದರೂ ಮನೆಯಲ್ಲಿ ಮೂವರ ಉಸಿರು ನಿಲ್ಲುತ್ತಿತ್ತು. ಹುಡುಗಿ ಒಂದು ದಿನ ಬೇಸತ್ತು, "ನನ್ನ ಬೆನ್ನು ಟೀವಿ ಏನು?" ಎಂದಳು.

ಮೂರನೆಯ ವಾರದಲ್ಲಿ ಕಿವಿಯ ಹಿಂದೆ ಒಂದು ನೀರುಗುಳ್ಳೆ ಕಂಡಿತು. ಸಂಜೆಯ ಹೊತ್ತಿಗೆ ಹೊಟ್ಟೆಯ ಮೇಲೆ, ಸರಿಯಾಗಿ ನನ್ನ ಕಿಡ್ನಿ ಇಟ್ಟ ಜಾಗದ ಗಾಯದ ಗುರುತಿನ ಸುತ್ತ, ಇನ್ನಷ್ಟು ಎದ್ದವು.

ಆಸ್ಪತ್ರೆಯಲ್ಲಿ ಅವಳನ್ನು ಬೇರೆ ಕೋಣೆಯಲ್ಲಿಟ್ಟು ನರಕ್ಕೆ ಔಷಧ ಹನಿಸಿದರು. ಇಂಜೆಕ್ಷನ್ ಕೊಟ್ಟಿದ್ದರಿಂದ ಗುಳ್ಳೆಗಳು ಕಡಿಮೆ, ಅದೇ ಪುಣ್ಯ ಎಂದರು. ಆದರೆ ರೋಗದ ವಿರುದ್ಧ ಹೋರಾಡಲು ಮೈಗೆ ಶಕ್ತಿ ಬೇಕಲ್ಲ. ಆ ದೊಡ್ಡ ಮಾತ್ರೆಯನ್ನು ನಿಲ್ಲಿಸಿದರು, ಇನ್ನೊಂದನ್ನು ತಗ್ಗಿಸಿದರು. ಅಂದರೆ ಎರಡು ವರ್ಷ ಜೋಗುಳ ಹಾಡಿ ಮಲಗಿಸಿದ ಕಾವಲುಗಾರನನ್ನು ಈಗ ಅಲುಗಾಡಿಸಿ ಎಬ್ಬಿಸಬೇಕು. ಎದ್ದವನು ಕಳ್ಳನನ್ನು ಹಿಡಿದು ಸುಮ್ಮನೆ ಕೂರುತ್ತಾನೆಯೇ, ಇಲ್ಲ ನನ್ನ ಕಿಡ್ನಿಯ ಕಡೆಗೂ ತಿರುಗುತ್ತಾನೆಯೇ ಎಂದು ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಮ್ಮ ಕೋಲು ಒಂದೇ ಇತ್ತು. ಇನ್ನೊಂದು ಕಿಡ್ನಿ ಕೊಟ್ಟುಬಿಡುತ್ತೇನೆ, ನನಗೇಕೆ ಬೇಕು ಎಂದು ನಾನು ಕೇಳಿಯೇಬಿಟ್ಟೆ. ಡಾಕ್ಟರಮ್ಮ ನನ್ನ ಭುಜ ಮುಟ್ಟಿ, ನೀವು ಹೊರಗೆ ಕುಳಿತು ಏನಾದರೂ ತಿನ್ನಿ ಎಂದರು.

ಜ್ವರ ಇಳಿಯಿತು. ಉಸಿರಾಟ ಸರಿಯಾಗಿಯೇ ಉಳಿಯಿತು. ಆದರೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು, ಕಿಡ್ನಿಗೆ ಏಟು ಬಿದ್ದಾಗ ಏರುವ ಅಂಕಿ ಅದು. ಕಾವಲುಗಾರ ಕಿಡ್ನಿಯ ಕಡೆ ತಿರುಗಿದ್ದ. ಗುಳ್ಳೆಗಳು ಹಕ್ಕಳೆಗಟ್ಟಿ ಕಪ್ಪಾದ ಮೇಲೆ ನಿಲ್ಲಿಸಿದ ಮಾತ್ರೆಯನ್ನು ಮತ್ತೆ ಶುರುಮಾಡಿ, ಸ್ಟಿರಾಯ್ಡನ್ನು ನರದಲ್ಲಿ ಕೊಟ್ಟರು. ಇಳಿಯುತ್ತ ಬಂದಿದ್ದ ಆ ಪುಟ್ಟ ಮುಖ ಮತ್ತೆ ಊದಿಕೊಂಡಿತು. ಅಂಕಿ ಕೆಳಗಿಳಿಯಿತು, ಆದರೆ ಮೊದಲಿದ್ದ ಜಾಗಕ್ಕೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ. "ಕಿಡ್ನಿಯ ಆಯುಷ್ಯದಲ್ಲಿ ಒಂದಿಷ್ಟು ಖರ್ಚಾಯಿತು, ಎಷ್ಟು ಎಂದು ನಾನು ಹೇಳಲಾರೆ" ಎಂದರು ಡಾಕ್ಟರಮ್ಮ. ನಾನು ಕೊಟ್ಟದ್ದನ್ನು ಯಾರೋ ಮೊಸರನ್ನದ ತಟ್ಟೆಯಲ್ಲಿ ಕಲಸಿ ಚೆಲ್ಲಿದ ಹಾಗೆ ಅನ್ನಿಸಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಆ ದಿನಗಳಲ್ಲೇ ನಾನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ನಮ್ಮ ಮಗುವಿಗೆ ಚಿಕನ್ ಪಾಕ್ಸ್ ಆಗಿದೆ, ನಮ್ಮ ಜೊತೆ ಲಿಫ್ಟಿನಲ್ಲಿ ಬಂದವರು, ಬಸುರಿಯರು, ಔಷಧದಲ್ಲಿರುವವರು ಡಾಕ್ಟರನ್ನು ಕೇಳಿ, ಮುಂದೆ ಯಾರ ಮನೆಯಲ್ಲಿ ಬಂದರೂ ದಯವಿಟ್ಟು ತಿಳಿಸಿ ಎಂದು. ಆ ಗುಂಪಿನಲ್ಲಿ ಬೆಳಿಗ್ಗೆ ಗುಲಾಬಿ ಹೂವು ಬರುತ್ತದೆ, ಕಾರು ಅಡ್ಡ ನಿಲ್ಲಿಸಿದವರ ಫೋಟೋ ಬರುತ್ತದೆ, ಯಾರ ನಾಯಿ ಎಲ್ಲಿ ಕೂತಿತ್ತು ಎಂಬ ಬಗ್ಗೆ ಮಧ್ಯಾಹ್ನವಿಡೀ ಜಗಳವಾಗುತ್ತದೆ. ನನ್ನ ಸಂದೇಶಕ್ಕೆ ಯಾರೂ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಸೊಸೈಟಿಯ ಸೆಕ್ರೆಟರಿ ಫೋನು ಮಾಡಿ, ಬಾಡಿಗೆಗೆ ಮನೆ ನೋಡಲು ಬರುವವರು ಹೆದರುತ್ತಾರೆ, ಅದನ್ನು ತೆಗೆದುಬಿಡಿ ಮೇಡಂ ಎಂದು ನಯವಾಗಿ ಹೇಳಿದರು. ತೆಗೆಯುವುದಿಲ್ಲ ಎಂದೆ. ಅವರೇ ತೆಗೆದರು.

ಹುಡುಗಿ ಮನೆಗೆ ಬಂದ ದಿನ ನಾನು ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ನಿಂತು, ತೋಟದ ಕೆಲಸದವನಿಂದ ಒಂದು ದೊಡ್ಡ ಗೊಂಚಲು ಕೊಯ್ಯಿಸಿದೆ. ಹಕ್ಕಳೆಗಳು ಪೂರ್ತಿ ಉದುರಿರಲಿಲ್ಲ. ಅಪಾಯ ಕಳೆದಿದೆ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರೂ, ಎಲ್ಲ ಉದುರುವವರೆಗೆ ಯಾರನ್ನೂ ಒಳಗೆ ಬಿಡಬಾರದೆಂದು ನಾನೇ ತೀರ್ಮಾನಿಸಿದ್ದೆ. ಗೊಂಚಲನ್ನು ನಮ್ಮ ಮುಂಬಾಗಿಲ ಹೊರಗೆ, ಕಾಲಿಂಗ್ ಬೆಲ್ಲಿನ ಮೇಲೆಯೇ ಇಳಿಬೀಳುವಂತೆ ಕಟ್ಟಿದೆ. "ಅತ್ತಿ, ಮಂದಿ ಏನಂದಾರು?" ಎಂದಳು ಸೊಸೆ. ಅಂದುಕೊಳ್ಳಲಿ ಎಂದೇ ಕಟ್ಟಿದ್ದು ಎಂದೆ. ಹುಡುಗಿಗೂ ನಮ್ಮ ಓಣಿಯ ಬೇವಿನ ಕಥೆ ಹೇಳಿದೆ. ಸೆಕ್ರೆಟರಿ ಬಂದು ನೋಡಿ, "ಯೇ ಸಬ್ ಕ್ಯಾ ಹೈ ಮೇಡಂ?" ಎಂದರು. ವಾಟ್ಸಾಪ್ ಸಂದೇಶ, ಇದನ್ನು ನೀವು ಅಳಿಸಲಾರಿರಿ ಎಂದು ಹೇಳಿದೆ. ಎದುರು ಮನೆಗೆ ಹೊಸದಾಗಿ ಬಂದಿದ್ದ ತೆಲುಗು ಹುಡುಗಿ, ಏಳು ತಿಂಗಳ ಬಸುರಿ, ಲಿಫ್ಟಿನಿಂದ ಹೊರಬಂದವಳು ಬೇವು ನೋಡಿ ಅಲ್ಲೇ ನಿಂತಳು. "ಅಮ್ಮವಾರಾ, ಆಂಟೀ?" ಎಂದಳು. ಹೌದೆಂದೆ. ಆ ವಾರವೇ ತೌರಿಗೆ ಹೋಗಿಬಿಟ್ಟಳು. ಹೋಗುವಾಗ ದೂರದಿಂದ ಕೈಮುಗಿದು ಹೋದಳು.

ಅದಾದ ಕೆಲವು ದಿನಕ್ಕೆ ಮೇಲಿನ ಮನೆಯಾಕೆ ಬಂದಳು. ಕೈಯಲ್ಲಿ ತಟ್ಟೆ, ಅದರ ಮೇಲೆ ಶುಭ್ರವಾದ ಬಟ್ಟೆ. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಡಲು ಹೊರಟವಳು ಬೇವನ್ನು ಕಂಡು ತಾನಾಗಿಯೇ ನಿಂತಳು. ಕಾಲಿಗೆ ಊರಿನ ಅಭ್ಯಾಸ ಇನ್ನೂ ಇತ್ತು.

"ನಿಮ್ಮಾಕಿಗೂ ತಾಯಿ ಬಂದು ಹೋದ್ಲಲ್ರಿ ಕಾಕೂ. ತಂಪ ಮಾಡಿ ಕಳಸಬೇಕು. ನಾನ ಮಾಡ್ಕೊಂಡು ಬಂದೀನಿ. ಐದು ಮಂದಿ ಹುಡುಗ್ಯಾರನ್ನ ಕರೀರಿ. ನಮ್ಮ ಪುಟ್ಟಿನ್ನೂ ಕಳಸ್ತೀನಿ." ಕ್ಷಮೆ ಕೇಳುವುದಕ್ಕೆ ಅವಳಿಗೆ ಗೊತ್ತಿದ್ದ ದಾರಿ ಅದೊಂದೇ ಇರಬೇಕು.

"ಎಲ್ಲಾ ಉದುರಿ ಹೋಗ್ಲಿ. ಆಮ್ಯಾಲ ನೋಡೂಣು" ಎಂದೆ. ಬಾ ಎನ್ನಲಿಲ್ಲ.

ಒಳಗಿನ ಕೋಣೆಯ ಬಾಗಿಲಲ್ಲಿ ಹುಡುಗಿ ಬಂದು ನಿಂತಿದ್ದಳು. ಮುಖಕ್ಕೆ ಮಾಸ್ಕ್, ಮಾಸ್ಕಿನ ಅಂಚಿನಿಂದ ಹೊರಗೆ ಉಬ್ಬಿದ ಕೆನ್ನೆ, ಹಣೆಯ ಮೇಲೆ ಕಪ್ಪು ಚುಕ್ಕಿಗಳು. ಅವಳಿಗೆ ಸಿಟ್ಟಿರಲಿಲ್ಲ. ಲೆಕ್ಕ ಬಿಡಿಸಲು ಬಾರದಾಗ ಕೇಳುವ ಹಾಗೆ ಕೇಳಿದಳು.

"ಆಂಟಿ, ನಿಮ್ಮ ಮನ್ಯಾಗ ಬೇವು ದಿಂಬಿನ ಕೆಳಗ ಇತ್ತಲ್ಲ. ಅದು ನನಗ ಹೊರಗಿಂದ ಹೆಂಗ ಕಾಣಬೇಕಿತ್ತು?"

ಮೇಲಿನ ಮನೆಯಾಕೆ ತಟ್ಟೆಯ ಮೇಲಿನ ಬಟ್ಟೆಯನ್ನು ಸರಿಪಡಿಸಿದಳು, ಅದು ಸರಿಯಾಗಿಯೇ ಇತ್ತು. ಅವಳ ಪರವಾಗಿ ಏನಾದರೂ ಹೇಳಿ ಪಾರುಮಾಡಬಹುದಿತ್ತು. ಜೀವಮಾನವಿಡೀ ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರಿಗೆ ದಾಟಿಸಿದವಳು ನಾನು. ಈ ಪ್ರಶ್ನೆ ತಲುಪಬೇಕಾದವರಿಗೆ ತಲುಪಿತ್ತು. ಉತ್ತರಕ್ಕಾಗಿ ನಾವಿಬ್ಬರೂ ಕಾದೆವು.

ಅಷ್ಟರಲ್ಲಿ ಮಾತ್ರೆಯ ಅಲಾರಾಂ ಹೊಡೆಯಿತು. ಹುಡುಗಿ ನೀರಿನ ಲೋಟ ತರಲು ಒಳಗೆ ಹೋದಳು, ನಾನು ಬಾಗಿಲು ಹಾಕಿಕೊಂಡೆ.